ಕಿತ್ತ ಮರವನ್ನು ಉಳಿಸುವ ವಿದ್ಯೆ: ಬೃಹತ್ಸಂಹಿತೆಯಿಂದ ನಮ್ಮ ಬಾಲ್ಕನಿಯವರೆಗೆ

ಬೋನ್ಸಾಯ್ ಎಂದೊಡನೆ ನಮಗೆ ನೆನಪಾಗುವುದು ಜಪಾನ್. ಆದರೆ ಆ ಕಲೆಯ ಮೊದಲ ಹೆಜ್ಜೆ, ಅಂದರೆ ನೆಲದಿಂದ ಕಿತ್ತ ಮರವನ್ನು ಸಾಯದಂತೆ ಉಳಿಸಿಕೊಳ್ಳುವ ವಿದ್ಯೆ, ಯಾವ ಒಂದು ದೇಶದ ಸ್ವತ್ತೂ ಅಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿ, ಕುಂಡಗಳಲ್ಲೇ ತೋಟದ ಆಸೆ ತೀರಿಸಿಕೊಳ್ಳುವ ನಾವು ಈ ವಿದ್ಯೆಯ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಬೇಕು.

ಕ್ರಿ.ಶ. 706ರ ಚೀನೀ ರಾಜಕುಮಾರನೊಬ್ಬನ ಸಮಾಧಿಯ ಭಿತ್ತಿಚಿತ್ರದಲ್ಲಿ, ಪುಟ್ಟ ಗಿಡಗಳನ್ನಿಟ್ಟ ತಟ್ಟೆಯನ್ನು ಹಿಡಿದು ನಿಂತ ಪರಿಚಾರಕರನ್ನು ಕಾಣುತ್ತೇವೆ. ಜಪಾನಿನ 1309ರ ಚಿತ್ರಸುರುಳಿಯೊಂದರಲ್ಲಿ ತಟ್ಟೆಯಲ್ಲಿ ಬೆಳೆದ ಕುಬ್ಜ ಮರಗಳಿವೆ. ಬೆಟ್ಟದಿಂದ ಅಗೆದು ತಂದ ಮರಕ್ಕೆ ಜಪಾನೀಯರು ‘ಯಮದೋರಿ’ ಎನ್ನುತ್ತಾರೆ. ಗಾಳಿ, ಹಿಮ, ಬಂಡೆಗಳ ನಡುವೆ ದಶಕಗಟ್ಟಲೆ ಕುಗ್ಗಿ ಬೆಳೆದ ಕಾಂಡದ ಗಾಂಭೀರ್ಯವನ್ನು ಕತ್ತರಿ, ತಂತಿಗಳಿಂದ ತರುವುದು ಕಷ್ಟ.

ಮೇಪಲ್ ಅವರ ಅಚ್ಚುಮೆಚ್ಚಿನ ಮರ. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುವ ಅದನ್ನು, ಮೊಗ್ಗು ಒಡೆಯುವ ಮುನ್ನ ಅಗೆಯುವುದು ಪದ್ಧತಿ. ಆಗ ಎಲೆಗಳಿಲ್ಲದ್ದರಿಂದ ನೀರಿನ ಬೇಡಿಕೆ ಕಡಿಮೆ. ಕಾಂಡ, ಬೇರುಗಳಲ್ಲಿ ಕೂಡಿಟ್ಟ ಆಹಾರ ಹೆಚ್ಚು. ಭಾರತದಲ್ಲಿ ಮೇಪಲ್ ಹಿಮಾಲಯ ಮತ್ತು ಈಶಾನ್ಯ ಬೆಟ್ಟಗಳ ಮರ. ಸಹ್ಯಾದ್ರಿಯಲ್ಲಿ ಅದು ಸಹಜವಾಗಿ ಬೆಳೆಯುವುದಿಲ್ಲ. ನಮ್ಮ ಸೆಕೆಯಲ್ಲಿ ಅದರ ಚಳಿನಿದ್ರೆಗೆ ಅವಕಾಶವೂ ಇಲ್ಲ. ಇಲ್ಲಿ ಆ ಸ್ಥಾನ ಅರಳಿ, ಆಲ, ಬಸರಿ, ಅತ್ತಿಗಳದು. ಹಕ್ಕಿಯ ಹಿಕ್ಕೆಯಿಂದ ಹಳೆಯ ಗೋಡೆಯ ಬಿರುಕಿನಲ್ಲಿ ಮೊಳೆತು, ಹಿಡಿ ಗಾರೆಯನ್ನೇ ನೆಲವೆಂದು ನಂಬಿ ಬಾಳುವ ಈ ಗಿಡಗಳೇ ನಮ್ಮ ಯಮದೋರಿ.

ಇವನ್ನು ಯಾವಾಗ ಕೀಳಬೇಕು? ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದವೆಂಬ ಅಧ್ಯಾಯವೇ ಇದೆ. ಕೊಂಬೆ ಮೂಡದ ಗಿಡವನ್ನು ಶಿಶಿರದಲ್ಲಿ, ಕೊಂಬೆ ಬಂದುದನ್ನು ಹೇಮಂತದಲ್ಲಿ, ದಪ್ಪ ಕಾಂಡದ ಮರವನ್ನು ಮಳೆಗಾಲದ ಆರಂಭದಲ್ಲಿ ನೆಡಬೇಕೆಂದು ಅವನು ವಿಧಿಸುತ್ತಾನೆ. ಕಿತ್ತ ಮರಕ್ಕೆ ಬೇರಿನಿಂದ ಕಾಂಡದವರೆಗೆ ತುಪ್ಪ, ಲಾವಂಚ, ಎಳ್ಳು, ಜೇನು, ವಾಯುವಿಡಂಗ, ಹಾಲು, ಸಗಣಿಗಳ ಲೇಪ ಹಚ್ಚಿ ಸ್ಥಳಾಂತರಿಸಲು ಹೇಳುತ್ತಾನೆ. ನೆಟ್ಟ ಮೇಲೆ ಸೆಕೆಯಲ್ಲಿ ಬೆಳಗೂ ಸಂಜೆಯೂ, ಚಳಿಯಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ಮಣ್ಣು ಒಣಗಿದರೆ ಮಾತ್ರ ನೀರು. ಲೇಪದ ಮಾತು ಇಂದು ವಿಚಿತ್ರವೆನಿಸಬಹುದು. ಬೇರು ಒಣಗದಂತೆ ಕಾಪಾಡುವುದು ಅದರ ಒಂದು ಪ್ರಯೋಜನವಾಗಿದ್ದಿರಬೇಕು. ಋತುವನ್ನೂ ಮಣ್ಣನ್ನೂ ನೋಡಿ ನೀರೆರೆಯಬೇಕೆಂಬ ಮಾತಂತೂ ಇಂದಿಗೂ ಸಲ್ಲುತ್ತದೆ.

ಕನ್ನಡಕ್ಕೆ ಈ ಶಾಸ್ತ್ರ ಬಹಳ ಹಿಂದೆಯೇ ಬಂತು. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆ, ಸುಗಂಧ, ವೈದ್ಯ, ಅಂತರ್ಜಲ ಶೋಧಗಳ ಜೊತೆಗೆ ವೃಕ್ಷಾಯುರ್ವೇದವೂ ಸೇರಿದೆ. ಗಿಡದ ಆರೈಕೆ ಪಂಡಿತರ ಗುಟ್ಟಾಗಿ ಉಳಿಯದೆ, ಮನೆವಾರ್ತೆಯ ತಿಳಿವಳಿಕೆಯಾಗಿ ಜನರ ನುಡಿಯಲ್ಲಿ ದಾಖಲಾಯಿತು. ಒಂದು ಶತಮಾನದ ಬಳಿಕ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ವೂ ಉದ್ಯಾನಗಳಿಗೆ ಎಡೆಗೊಟ್ಟಿತು. ಅವನ ರಾಜಧಾನಿಯೂ ಕಲ್ಯಾಣವೇ. ನಮ್ಮ ಲೋಕಲ್ ರೈಲಿನ ಕಲ್ಯಾಣವಲ್ಲ, ಇಂದಿನ ಬಸವಕಲ್ಯಾಣ.

ಈ ತಿಳಿವಳಿಕೆ ನಮ್ಮ ಬಾಲ್ಕನಿಯಲ್ಲಿ ಪರೀಕ್ಷೆಗೊಳಗಾಗುವುದು ಪ್ರತಿ ವರ್ಷ ಮಳೆಗೆ ಮುನ್ನ, ಹಳೆಯ ಕಟ್ಟಡಗಳ ರಿಪೇರಿಯ ದಿನಗಳಲ್ಲಿ. ಗಾರೆಯವರು ಕಿತ್ತೆಸೆಯುವ ಗಿಡವನ್ನು ಕೂಡಲೇ ಒದ್ದೆ ಗೋಣಿಯಲ್ಲಿ ಸುತ್ತಬೇಕು. ಜಜ್ಜಿದ ಬೇರನ್ನು ಹರಿತವಾದ ಕತ್ತರಿಯಿಂದ ಸವರಿ, ಒಸರುವ ಹಾಲನ್ನು ತೊಳೆದು, ಗಾಯ ಆರಲು ಬಿಡಬೇಕು. ನೀರು ಹೀರುವ ಸಣ್ಣ ಬೇರುಗಳು ಗೋಡೆಯಲ್ಲೇ ಉಳಿದಿರುತ್ತವೆ. ಎಲೆಗಳು ಮಾತ್ರ ನೀರನ್ನು ಆವಿಯಾಗಿ ಕಳೆಯುತ್ತಲೇ ಇರುತ್ತವೆ. ಆದ್ದರಿಂದ ಎಲೆಗಳನ್ನು ಬಹುಪಾಲು ತೆಗೆಯಬೇಕು. ಇಟ್ಟಿಗೆಚೂರು, ದಪ್ಪ ಮರಳು ಬೆರೆಸಿದ, ನೀರು ನಿಲ್ಲದ ಮಿಶ್ರಣದಲ್ಲಿ ನೆಟ್ಟು, ಅಲುಗದಂತೆ ಕುಂಡಕ್ಕೆ ಬಿಗಿದು, ಜಡಿಮಳೆ ತಾಗದ ನೆರಳಲ್ಲಿಡಬೇಕು. ಗೊಬ್ಬರ ಸದ್ಯಕ್ಕೆ ಬೇಡ.

ಅನೇಕ ಗಿಡಗಳು ಸಾಯುವುದು ಇದಾದ ಮೇಲೆ. ಕೆಲವು ವಾರಗಳಲ್ಲಿ ಚಿಗುರು ಕಾಣುತ್ತದೆ. ಮರ ಬದುಕಿತೆಂದು ನಾವು ತಂತಿ ಸುತ್ತಲು, ಚೆಂದದ ತಟ್ಟೆಗೆ ಬದಲಿಸಲು ಹೊರಡುತ್ತೇವೆ. ಆದರೆ ಆ ಚಿಗುರು ಕಾಂಡದ ಹಳೆಯ ಉಳಿತಾಯದಿಂದ ಹೊಮ್ಮಿದ್ದಿರಬಹುದು. ಕೆಳಗೆ ಬೇರು ಇನ್ನೂ ಮೂಡಿರದೆ ಹೋಗಬಹುದು. ಕನಿಷ್ಠ ಒಂದು ವರ್ಷ ಮುಟ್ಟದೆ ಬಿಡುವುದೇ ಆರೈಕೆ.

ಕಾಡಿನ ಮರದ ಮಾತು ಬೇರೆ. ಥಾಣೆಯ ಯೇವೂರ್ ಬೆಟ್ಟಗಳು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿವೆ. ಅಲ್ಲಿ ಗಿಡ ಅಗೆಯುವುದು ಅಪರಾಧ. ಊರೊಳಗಿನ ಮರಗಳಿಗೂ ಮಹಾರಾಷ್ಟ್ರದ 1975ರ ವೃಕ್ಷಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹೇಗೂ ಕಸದ ಗಾಡಿ ಸೇರಲಿರುವ ಗೋಡೆಯ ಗಿಡವಷ್ಟೇ ನಮ್ಮ ಪಾಲಿನದು. ಅದನ್ನು ಮನೆಗೆ ತಂದವರು ಅದರ ರೂಪದ ಯೋಚನೆಯನ್ನು ಮುಂದಿನ ಮಳೆಗಾಲಕ್ಕೆ ಬಿಟ್ಟು, ಈ ಮಳೆಗಾಲವನ್ನು ಬೇರಿಗೆ ಕೊಡಲಿ.