ಅಂಚೆಚೀಟಿಯಷ್ಟು ನೆಗೆಟಿವ್, ಊರಿನಷ್ಟು ಚಿತ್ರ

ಹೊಸ ಕ್ಯಾಮರಾ ಕೈಗೆ ಬಂದವರು ಮೊದಲು ತೆಗೆಯುವ ಫೋಟೊಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಮನೆಯ ಮಕ್ಕಳು, ಅಂಗಳದ ತುಳಸಿಕಟ್ಟೆ, ಎದುರು ಮನೆಯ ಜಗಲಿ, ಬೀದಿಯಲ್ಲಿ ಹೋಗುವ ಯಾರೋ ಒಬ್ಬರು. ಯಂತ್ರ ಸರಿಯಿದೆಯೇ, ಚಿತ್ರ ಸ್ಪಷ್ಟವಾಗಿ ಬರುತ್ತದೆಯೇ ಎಂದು ನೋಡುವುದಷ್ಟೇ ಉದ್ದೇಶ. ಜರ್ಮನಿಯ ವೆಟ್ಸ್‌ಲಾರ್ ಎಂಬ ಪುಟ್ಟ ಊರಿನಲ್ಲಿ 1914ರ ಸುಮಾರಿಗೆ ಆಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ತೆಗೆದ ಚಿತ್ರಗಳೂ ಇಂಥವೇ. ತನ್ನ ಮಕ್ಕಳು, ಊರಿನ ಹಳೆಯ ಮನೆಗಳು, ಪೇಟೆ ಬೀದಿ. ಅವನ ಕೈಯಲ್ಲಿದ್ದುದು ಅವನೇ ಮಾಡಿದ, ಕೋಟಿನ ಜೇಬಿನಲ್ಲಿ ಹಿಡಿಸುವ ಒಂದು ಲೋಹದ ಪೆಟ್ಟಿಗೆ. ಮುಂದೆ ಲೈಕಾ ಎಂದು ಹೆಸರಾದ ಕ್ಯಾಮರಾದ ಮೊದಲ ಮಾದರಿ ಅದು.

ಆ ಕಾಲದಲ್ಲಿ ಫೋಟೊ ತೆಗೆಯುವುದೆಂದರೆ ಏನೆಂಬುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನಮ್ಮ ಹಳೆಯ ಮನೆಗಳ ನಡುಮನೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿರುವ ಮುತ್ತಜ್ಜ ಮುತ್ತಜ್ಜಿಯರ ಫೋಟೊಗಳನ್ನು ನೋಡಿದರೆ ಸಾಕು. ಕುರ್ಚಿಯ ಕೈ ಬಿಗಿಯಾಗಿ ಹಿಡಿದು, ಉಸಿರು ಕಟ್ಟಿ, ನೇರ ನಮ್ಮನ್ನೇ ದಿಟ್ಟಿಸುತ್ತಾರೆ. ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೊಂದು ಮರದ ಪೆಟ್ಟಿಗೆ, ಕರಿಬಟ್ಟೆಯೊಳಗೆ ತಲೆ ತೂರಿಸಿದ ಫೋಟೊಗ್ರಾಫರ್, ಒಂದು ಚಿತ್ರಕ್ಕೆ ಒಂದು ಗಾಜಿನ ಫಲಕ. ಅಂದರೆ ಚಿತ್ರದಲ್ಲಿರುವವರಿಗೆ ತಮ್ಮ ಚಿತ್ರ ತೆಗೆಯಲಾಗುತ್ತಿದೆ ಎಂಬುದು ಚೆನ್ನಾಗಿ ತಿಳಿದಿರುತ್ತಿತ್ತು. ಅದಕ್ಕೆ ಮೊದಲೂ ಕೈಯಲ್ಲಿ ಹಿಡಿಯುವ ಕ್ಯಾಮರಾಗಳಿದ್ದವು. ಅಮೆರಿಕದ ಈಸ್ಟ್‌ಮನ್‌ನ ಕೊಡಕ್ 1888ರಲ್ಲೇ ಬಂದಿತ್ತು. ಆದರೆ ಅವು ಮನೆಮಂದಿಯ ಸಂತೋಷಕ್ಕಾಗಿ ಇದ್ದವು. ವೃತ್ತಿಯವರು ಗಾಜಿನ ಫಲಕವನ್ನು ಬಿಟ್ಟಿರಲಿಲ್ಲ.

ಬಾರ್ನಾಕ್ ಹುಟ್ಟಿದ್ದು 1879ರಲ್ಲಿ. ಯೇನಾ ನಗರದ ಕಾರ್ಲ್ ಝೈಸ್ ಕಾರ್ಖಾನೆಯಲ್ಲಿ ದುಡಿದು, 1911ರಲ್ಲಿ ವೆಟ್ಸ್‌ಲಾರ್‌ನ ಅರ್ನ್ಸ್ಟ್ ಲೈಟ್ಸ್ ಕಂಪೆನಿಗೆ ಬಂದ. ಅದು ಸೂಕ್ಷ್ಮದರ್ಶಕಗಳಿಗೆ ಹೆಸರಾದ ಕಂಪೆನಿ. ಕ್ಯಾಮರಾ ಅವರ ವ್ಯಾಪಾರವೇ ಅಲ್ಲ. ಬಾರ್ನಾಕ್‌ಗೆ ಬೆಟ್ಟ ಕಾಡುಗಳಲ್ಲಿ ಅಲೆದಾಡಿ ಫೋಟೊ ತೆಗೆಯುವ ಹುಚ್ಚು. ಜೊತೆಗೆ ಉಬ್ಬಸ. 13x18 ಸೆಂಟಿಮೀಟರ್ ಫಲಕದ ಕ್ಯಾಮರಾ, ಸ್ಟ್ಯಾಂಡು, ಫಲಕಗಳ ಚೀಲ ಇವನ್ನೆಲ್ಲ ಹೊತ್ತು ಗುಡ್ಡ ಹತ್ತುವುದು ಅವನಿಂದ ಆಗುತ್ತಿರಲಿಲ್ಲ. ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ನೆಗೆಟಿವ್ ಏಕೆ ಬೇಕು, ಸಣ್ಣ ನೆಗೆಟಿವ್ ತೆಗೆದು ಆಮೇಲೆ ದೊಡ್ಡದು ಮಾಡಬಾರದೇಕೆ ಎಂಬುದು ಅವನ ತಲೆಯಲ್ಲಿ ಹೊಕ್ಕ ಹುಳು. ಏದುಸಿರಿನವನೊಬ್ಬನ ಅನುಕೂಲಕ್ಕೆ ಹುಟ್ಟಿದ ಕ್ಯಾಮರಾ ಇದು ಎಂದರೆ ತಪ್ಪಾಗಲಾರದು.

ಸಣ್ಣ ನೆಗೆಟಿವ್‌ಗೆ ಬೇಕಾದ ಫಿಲ್ಮ್ ಆಗಲೇ ಪೇಟೆಯಲ್ಲಿ ಸಿಗುತ್ತಿತ್ತು. ಅದು ಸಿನಿಮಾದವರ 35 ಮಿಲಿಮೀಟರ್ ಅಗಲದ, ಎರಡೂ ಅಂಚಿನಲ್ಲಿ ತೂತುಗಳಿರುವ ಫಿಲ್ಮ್. ಸಿನಿಮಾ ಕ್ಯಾಮರಾದಲ್ಲಿ ಅದು ಮೇಲಿನಿಂದ ಕೆಳಕ್ಕೆ ಓಡುತ್ತದೆ. ಒಂದೊಂದು ಚೌಕಟ್ಟು 18x24 ಮಿಲಿಮೀಟರ್. ಬಾರ್ನಾಕ್ ಫಿಲ್ಮನ್ನು ಅಡ್ಡಡ್ಡ ಓಡಿಸಿದ. ಎರಡು ಚೌಕಟ್ಟುಗಳ ಜಾಗವನ್ನು ಒಂದು ಮಾಡಿದ. ಹಾಗೆ ಬಂದದ್ದು 24x36. ಇಂದು ದೊಡ್ಡ ಡಿಜಿಟಲ್ ಕ್ಯಾಮರಾ ಕೊಳ್ಳಲು ಹೋದವರಿಗೆ ಅಂಗಡಿಯವರು ‘ಫುಲ್ ಫ್ರೇಮ್’ ಎಂದು ಹೇಳುವ ಅಳತೆ ಇದೇ. ಒಂದು ರೀಲಿಗೆ 36 ಫೋಟೊ ಎಂಬ ಲೆಕ್ಕಕ್ಕೂ ಒಂದು ಕಥೆಯಿದೆ. ಬಾರ್ನಾಕ್ ಎರಡೂ ಕೈ ಚಾಚಿ ಹಿಡಿಯಬಹುದಾದಷ್ಟು ಉದ್ದದ ಫಿಲ್ಮ್ ಕತ್ತರಿಸುತ್ತಿದ್ದನಂತೆ. ಕಥೆ ಕಥೆಯೇ ಇರಲಿ, ಲೆಕ್ಕವಂತೂ ಹೊಂದುತ್ತದೆ. ಒಂದು ಚಿತ್ರಕ್ಕೆ ನಡುವಿನ ಸಂದು ಸೇರಿ 38 ಮಿಲಿಮೀಟರ್, 36 ಚಿತ್ರಗಳಿಗೆ ಸುಮಾರು 1.37 ಮೀಟರ್. ಮೊದಲ ಕೊನೆಯ ತುಂಡು ಸೇರಿಸಿದರೆ ಒಂದು ಮಾರು.

ಆ ಮೊದಲ ಯಂತ್ರದಲ್ಲಿ ಕುಂದುಗಳಿದ್ದವು. ಫಿಲ್ಮ್ ಸುತ್ತುವಾಗ ಪರದೆ ತೆರೆದುಕೊಳ್ಳುತ್ತಿತ್ತು. ಆದ್ದರಿಂದ ಮಸೂರದ ಪಕ್ಕದಲ್ಲೇ ಒಂದು ಮುಚ್ಚಳ ಜೋಡಿಸಿದ್ದ. ಪ್ರತಿ ಚಿತ್ರದ ನಂತರ ಅದನ್ನು ಸರಿಸಿ ಮಸೂರ ಮುಚ್ಚಬೇಕು, ಫಿಲ್ಮ್ ಸುತ್ತಬೇಕು, ಮತ್ತೆ ತೆರೆಯಬೇಕು. ಮರೆತರೆ ಬೆಳಕು ಬಿದ್ದು ಚಿತ್ರ ಹಾಳು. ದೂರವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಬೇಕು. ಇಂಥ ಯಂತ್ರ ಹಿಡಿದು ಬಾರ್ನಾಕ್ ಊರಿನ ಐಸನ್‌ಮಾರ್ಕ್ಟ್, ಅಂದರೆ ಕಬ್ಬಿಣಪೇಟೆಯಲ್ಲಿ ನಿಂತು, ಮರದ ತೊಲೆಗಳ ಚೌಕಟ್ಟಿನ ಹಳೆಯ ಮನೆಗಳ ಚಿತ್ರ ತೆಗೆದ. ಪರೀಕ್ಷೆಗೆ ಒಳ್ಳೆಯ ಆಯ್ಕೆ. ತೊಲೆಗಳ ಗೆರೆ ನೇರ ಬಂದಿದೆಯೇ, ದೂರದ ಕಿಟಕಿಯ ಅಂಚು ಕಾಣುತ್ತದೆಯೇ ಎಂದು ನೋಡಬಹುದಲ್ಲ.

ಮಾಲೀಕ ಅರ್ನ್ಸ್ಟ್ ಲೈಟ್ಸ್ ಎರಡನೆಯವರು 1914ರಲ್ಲಿ ಅಮೆರಿಕಕ್ಕೆ ಹೋಗುವಾಗ ಅದೇ ಮಾದರಿಯ ಕ್ಯಾಮರಾ ಕೊಂಡೊಯ್ದು ನ್ಯೂಯಾರ್ಕ್‌ನ ಬೀದಿಗಳಲ್ಲಿ ಚಿತ್ರ ತೆಗೆದರು. ಅದೇ ವರ್ಷ ಆಗಸ್ಟ್‌ನಲ್ಲಿ ಜರ್ಮನಿ ಯುದ್ಧಕ್ಕಿಳಿಯಿತು. ಸೇನೆಗೆ ಸೇರಬೇಕೆಂಬ ಚಕ್ರವರ್ತಿಯ ಆಜ್ಞೆಯ ಪ್ರಕಟಣೆ ಊರೂರಿನಲ್ಲಿ ಅಂಟಿಸಲಾಯಿತು. ವೆಟ್ಸ್‌ಲಾರ್‌ನಲ್ಲಿ ಪ್ರಕಟಣೆಯನ್ನು ಆಗತಾನೆ ಅಂಟಿಸಿದ ಸೈನಿಕನೊಬ್ಬನ ಚಿತ್ರ ಬಾರ್ನಾಕ್‌ನ ಫಿಲ್ಮಿನಲ್ಲಿದೆ. 1920ರಲ್ಲಿ ಲಾನ್ ನದಿ ಉಕ್ಕಿ ಊರಿಗೆ ನೀರು ನುಗ್ಗಿದಾಗ ಅವನು ಒಂದರ ಹಿಂದೆ ಒಂದರಂತೆ ಚಿತ್ರ ತೆಗೆದ. ಒಂದೇ ಘಟನೆಯನ್ನು ಹಲವು ಚಿತ್ರಗಳಲ್ಲಿ ಹೇಳುವ ಕ್ರಮ ಪತ್ರಿಕೆಗಳಲ್ಲಿ ರೂಢಿಯಾದದ್ದು ಅದಾದ ಮೇಲೆ. ಗಾಜಿನ ಫಲಕದವನಿಗೆ ಅದು ಸುಲಭವಲ್ಲ. ಅವನ ಚೀಲದಲ್ಲಿರುತ್ತಿದ್ದುದು ಕೆಲವೇ ಫಲಕ.

ಯುದ್ಧ ಕ್ಯಾಮರಾದ ಕೆಲಸವನ್ನು ಹಿಂದಕ್ಕೆ ತಳ್ಳಿತು. ಆಮೇಲೆ 1923ರ ಹಣದುಬ್ಬರ ಜರ್ಮನಿಯನ್ನು ಹಣ್ಣು ಮಾಡಿತು. ಆ ವರ್ಷ ಇಪ್ಪತ್ತು ಚಿಲ್ಲರೆ ಕ್ಯಾಮರಾಗಳನ್ನು ಮಾಡಿ ಪರೀಕ್ಷೆಗೆಂದು ಕೊಡಲಾಯಿತು. ಬಂದ ಅಭಿಪ್ರಾಯ ಉತ್ಸಾಹ ಹುಟ್ಟಿಸುವಂತಿರಲಿಲ್ಲ. ಇದು ಆಟಿಕೆ, ನೆಗೆಟಿವ್ ತೀರಾ ಸಣ್ಣದು, ಫಿಲ್ಮಿನ ಕಾಳು ಎದ್ದು ಕಾಣುತ್ತದೆ ಎಂಬುದು ವೃತ್ತಿಯವರ ಮಾತು. ಅವರು ಹೇಳಿದ್ದು ಸುಳ್ಳಲ್ಲ ಎಂಬುದನ್ನು ಒಪ್ಪಬೇಕು. 13x18 ಸೆಂಟಿಮೀಟರ್ ಫಲಕದ ವಿಸ್ತೀರ್ಣ 24x36 ಮಿಲಿಮೀಟರ್ ನೆಗೆಟಿವ್‌ನದಕ್ಕಿಂತ 27 ಪಟ್ಟು ಹೆಚ್ಚು. ಫಲಕವನ್ನು ಕಾಗದಕ್ಕೆ ಒತ್ತಿ ಹಿಡಿದರೆ ಚಿತ್ರ ಸಿದ್ಧ. ಫಲಕದ ಮೇಲೆ ಪೆನ್ಸಿಲ್ ಆಡಿಸಿ ಮುಖದ ಸುಕ್ಕು ತಿದ್ದಬಹುದು. ಅಂಚೆಚೀಟಿಯಷ್ಟು ಫಿಲ್ಮಿನ ಮೇಲೆ ಯಾವ ಪೆನ್ಸಿಲ್ ಆಡೀತು? ಸ್ಪಷ್ಟತೆಯ ಅಳತೆಗೋಲು ಹಿಡಿದರೆ ಲೈಕಾ ಸೋಲಲೇಬೇಕಿತ್ತು.

ಕಂಪೆನಿಯೊಳಗೂ ಬೇಡವೆನ್ನುವವರೇ ಹೆಚ್ಚು. 1924ರ ಜೂನ್‌ನಲ್ಲಿ ಚರ್ಚೆಯೆಲ್ಲ ಮುಗಿದ ಮೇಲೆ ಲೈಟ್ಸ್, ನಷ್ಟವಾದರೂ ಸರಿ, ಮಾಡಿಯೇ ನೋಡೋಣ ಎಂದು ತೀರ್ಮಾನ ಕೊಟ್ಟರು. ಕೆಲಸವಿಲ್ಲದ ಕಾಲದಲ್ಲಿ ತಮ್ಮ ಕಾರ್ಮಿಕರ ಕೈಗೆ ಕೆಲಸ ಬೇಕೆಂಬುದು ಅವರ ಒಂದು ಕಾರಣವಾಗಿತ್ತು. 1925ರ ವಸಂತದಲ್ಲಿ ಲೈಪ್‌ಜಿಗ್ ಮೇಳದಲ್ಲಿ ‘ಲೈಕಾ’ ಪೇಟೆಗೆ ಬಂತು. ಲೈಟ್ಸ್‌ನ ‘ಲೈ’, ಕ್ಯಾಮರಾದ ‘ಕಾ’. ಮುಚ್ಚಳದ ತಾಪತ್ರಯ ಅಷ್ಟರಲ್ಲಿ ತೀರಿತ್ತು. ಮ್ಯಾಕ್ಸ್ ಬೆರೆಕ್ ರೂಪಿಸಿದ 50 ಮಿಲಿಮೀಟರ್ ಮಸೂರ ಸಣ್ಣ ನೆಗೆಟಿವ್‌ನಿಂದ ದೊಡ್ಡ ಚಿತ್ರ ಮಾಡುವಷ್ಟು ಹರಿತವಾಗಿತ್ತು.

ಅನುಮಾನ ಕರಗಲು ಮತ್ತೆ ಮಾದರಿ ಚಿತ್ರಗಳೇ ಬೇಕಾದವು. ಫ್ರಾಂಕ್‌ಫರ್ಟ್‌ನ ಪಾಲ್ ವೋಲ್ಫ್ ಎಂಬಾತ 1926ರಲ್ಲಿ ಲೈಕಾ ಹಿಡಿದವರು. 1934ರಲ್ಲಿ ಅದರೊಂದಿಗಿನ ತಮ್ಮ ಅನುಭವಗಳನ್ನೇ ಚಿತ್ರಗಳ ಸಮೇತ ಪುಸ್ತಕ ಮಾಡಿದರು. ಆ ಪುಸ್ತಕ ನೋಡಿ ಕ್ಯಾಮರಾ ಕೊಂಡವರು ಬಹಳ. ಆದರೆ ವೋಲ್ಫ್ ಕೂಡ ಸಾಧಿಸಲು ಹೊರಟದ್ದು ಸಣ್ಣ ನೆಗೆಟಿವ್‌ನಿಂದ ದೊಡ್ಡ, ಸ್ಪಷ್ಟ ಚಿತ್ರ ಬರುತ್ತದೆ ಎಂಬುದನ್ನೇ. ನನಗೆ ಅನಿಸುವಂತೆ, ಹೊಗಳಿದವರೂ ತೆಗಳಿದವರೂ ಒಂದೇ ಅಳತೆಗೋಲು ಹಿಡಿದಿದ್ದರು. ಬಾರ್ನಾಕ್‌ನ ಮೊದಲ ರೀಲುಗಳಲ್ಲೇ ಇನ್ನೊಂದು ಸಂಗತಿ ಇತ್ತು. ಚಿತ್ರ ತೆಗೆಯುವವನು ಕರಿಬಟ್ಟೆಯ ಹಿಂದಿನಿಂದ ಹೊರಬಂದು ಜನರ ನಡುವೆ ನಿಂತಿದ್ದ. ‘ಅಲುಗಬೇಡಿ’ ಎಂದು ಅವನು ಯಾರಿಗೂ ಹೇಳಬೇಕಾಗಿರಲಿಲ್ಲ.

ಹೀಗೆ ಕಾಣದಂತೆ ನಿಲ್ಲುವುದರ ಬೆಲೆ ಮೊದಲು ಗುರುತಿಸಿದವರಲ್ಲಿ ಬರ್ಲಿನ್‌ನ ಎರಿಕ್ ಸಾಲೊಮನ್ ಒಬ್ಬರು. 1928ರಲ್ಲಿ ಅವರು ಎರ್ಮನಾಕ್ಸ್ ಎಂಬ ಇನ್ನೊಂದು ಸಣ್ಣ ಕ್ಯಾಮರಾವನ್ನು ಹ್ಯಾಟಿನೊಳಗೆ ಬಚ್ಚಿಟ್ಟು ಫೋಟೊ ನಿಷಿದ್ಧವಾಗಿದ್ದ ನ್ಯಾಯಾಲಯದೊಳಗೆ ಚಿತ್ರ ತೆಗೆದರು. ಆಮೇಲೆ ಲೈಕಾ ಹಿಡಿದರು. ರಾಜತಾಂತ್ರಿಕರ ರಾತ್ರಿ ಸಭೆಗಳಲ್ಲಿ ಆಕಳಿಸುವ, ಗೊರಕೆ ಹೊಡೆಯುವ ಮಂತ್ರಿಗಳು ಅವರ ಕಣ್ಣಿಗೆ ಬಿದ್ದರು. ಕೇಳದೆ ಚಿತ್ರ ತೆಗೆಯುವುದು ಸರಿಯೇ ಎಂಬ ಪ್ರಶ್ನೆಯೂ ಆಗಲೇ ಎದ್ದಿತು. ಮಂತ್ರಿಯ ಆಕಳಿಕೆ ಒಂದು ಮಾತು, ದಾರಿಹೋಕನ ಅಳು ಇನ್ನೊಂದು. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಸೇನೆಯ ಪ್ರಚಾರ ತುಕಡಿಗಳ ಕೈಯಲ್ಲೂ ಇದೇ ಲೈಕಾ ಇತ್ತು. ಇತ್ತ ಲೈಟ್ಸ್ ತಮ್ಮ ಯಹೂದಿ ನೌಕರರು ಮತ್ತಿತರರು ದೇಶ ಬಿಟ್ಟು ಪಾರಾಗಲು ನೆರವಾದರು. ಯಹೂದಿಯಾಗಿದ್ದ ಸಾಲೊಮನ್‌ಗೆ ಪಾರಾಗಲು ಆಗಲಿಲ್ಲ. 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಅವರ ಕೊಲೆಯಾಯಿತು.

ಫ್ರಾನ್ಸ್‌ನ ಹೆನ್ರಿ ಕಾರ್ತಿಯೆ ಬ್ರೆಸೋನ್ 1932ರಲ್ಲಿ ಲೈಕಾ ಕೊಂಡರು. ಅದರ ಹೊಳೆಯುವ ಭಾಗಗಳಿಗೆ ಕಪ್ಪು ಬಳಿದು ಯಾರ ಕಣ್ಣಿಗೂ ಬೀಳದಂತೆ ಮಾಡಿಕೊಂಡರು. ಅವರು 1947ರಲ್ಲಿ ಭಾರತಕ್ಕೆ ಬಂದವರು, 1948ರ ಜನವರಿಯಲ್ಲಿ ದೆಹಲಿಯಲ್ಲಿದ್ದರು. ಜನವರಿ 30ರಂದು ಗಾಂಧೀಜಿಯನ್ನು ಕಂಡು ಹಿಂತಿರುಗಿದ ಸ್ವಲ್ಪ ಹೊತ್ತಿಗೇ ಹತ್ಯೆಯ ಸುದ್ದಿ ಬಂತು. ಅಂದು ಸಂಜೆ ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಜನರಿಗೆ ಸುದ್ದಿ ತಿಳಿಸುತ್ತಿರುವ ಚಿತ್ರವನ್ನು ಹಲವರು ನೋಡಿರಬಹುದು. ಸುತ್ತ ಕತ್ತಲೆ, ನಡುವೆ ದೀಪದ ಬೆಳಕು, ಮುಖಗಳು ಮಸುಕು ಮಸುಕು. 1923ರ ಪರೀಕ್ಷಕರ ಕೈಗೆ ಈ ಚಿತ್ರ ಕೊಟ್ಟಿದ್ದರೆ ಖಂಡಿತ ತೇರ್ಗಡೆ ಮಾಡುತ್ತಿರಲಿಲ್ಲ. ಆದರೆ ಆ ಸಂಜೆಯ ದಿಕ್ಕೆಟ್ಟ ಸ್ಥಿತಿಯನ್ನು ಅದರಷ್ಟು ಹೇಳುವ ಇನ್ನೊಂದು ಚಿತ್ರ ನಾನು ಕಂಡಿಲ್ಲ.

ಬಾರ್ನಾಕ್ ಇದನ್ನೆಲ್ಲ ನೋಡಲು ಉಳಿಯಲಿಲ್ಲ. ಕೈಯಲ್ಲೇ ಕತ್ತಲಲ್ಲಿ ಫಿಲ್ಮ್ ತುಂಬುವ ಕಷ್ಟ ತಪ್ಪಿಸಿ, ತುಂಬಿಟ್ಟ ರೀಲನ್ನು ಕೊಡಕ್ ಕಂಪೆನಿ 1934ರಲ್ಲಿ ಪೇಟೆಗೆ ತಂದದ್ದನ್ನು ಕಂಡ. 1936ರ ಜನವರಿಯಲ್ಲಿ ತೀರಿಕೊಂಡ. ಪರೀಕ್ಷೆಗೆಂದು ಮಾಡಿದ ಆ ಇಪ್ಪತ್ತು ಚಿಲ್ಲರೆ ಕ್ಯಾಮರಾಗಳಲ್ಲಿ ಅವನೇ ಬಳಸುತ್ತಿದ್ದ 105ನೇ ಸಂಖ್ಯೆಯದು 2022ರ ಜೂನ್‌ನಲ್ಲಿ ಹರಾಜಿಗೆ ಬಂತು. ‘ಆಟಿಕೆ’ಗೆ ಸಿಕ್ಕ ಬೆಲೆ 1 ಕೋಟಿ 44 ಲಕ್ಷ ಯೂರೊ.

ವೆಟ್ಸ್‌ಲಾರ್‌ನ ಐಸನ್‌ಮಾರ್ಕ್ಟ್‌ನಲ್ಲಿ ಬಾರ್ನಾಕ್ ಆ ಮನೆಗಳ ಚಿತ್ರ ತೆಗೆಯಲು ನಿಂತಿದ್ದ ಜಾಗವನ್ನು ಗುರುತಿಸಿ ನೆಲದಲ್ಲಿ ಒಂದು ಫಲಕ ಹಾಕಿದ್ದಾರೆ. ಪ್ರವಾಸಿಗಳು ಅದರ ಮೇಲೆ ನಿಂತು ಮೊಬೈಲ್ ಎತ್ತಿ ಎದುರಿನ ಮನೆಗಳ ಫೋಟೊ ತೆಗೆದುಕೊಳ್ಳುತ್ತಾರೆ.