‘ಬ್ಲೂ ಲೈನ್ಸ್’ ದೊಡ್ಡದೋ, ‘ಮೆಜನೀನ್’ ದೊಡ್ಡದೋ? ಮ್ಯಾಸಿವ್ ಅಟ್ಯಾಕ್ ತಂಡದ ಮುಗಿಯದ ಜಗಳ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಕಥೆಗೆ ಅದು ಬೇಕೇ ಬೇಕು. ಫೋನಿನ ಸ್ಪೀಕರಲ್ಲಿ ಈ ಹಾಡುಗಳ ಬೇಸ್ ಕೇಳಿಸೋದೇ ಇಲ್ಲ.

ಮ್ಯಾಸಿವ್ ಅಟ್ಯಾಕ್ ಅನ್ನೋ ಬ್ರಿಟಿಷ್ ತಂಡದ ಇಬ್ಬರು ಅಭಿಮಾನಿಗಳನ್ನ ಎದುರುಬದುರು ಕೂರಿಸಿ ನೋಡಿ, ಕಾಫಿ ಆರೋದ್ರೊಳಗೆ ಜಗಳ ಶುರು. ಒಬ್ಬರು 1991ರ ‘ಬ್ಲೂ ಲೈನ್ಸ್’ ಅಂತಾರೆ, ಇನ್ನೊಬ್ಬರು 1998ರ ‘ಮೆಜನೀನ್’ ಅಂತಾರೆ. ಮೂರನೆಯವರು ಬಂದ್ರೆ ಮೆಲ್ಲಗೆ 1994ರ ‘ಪ್ರೊಟೆಕ್ಷನ್’ ಹೆಸರು ತೆಗೀತಾರೆ. ಇದು ಬರೀ ರುಚಿಯ ವಿಷಯ ಅಂತ ನಾನೂ ಅಂದ್ಕೊಂಡಿದ್ದೆ. ಆದರೆ ಅಭಿಮಾನಿಗಳಿಗಿಂತ ಮೊದಲು ಇದೇ ಜಗಳ ಆಡಿದ್ದು ತಂಡದವರೇ. ಅದರಲ್ಲಿ ಒಬ್ಬ ಗೆಳೆಯ ತಂಡವನ್ನೇ ಬಿಟ್ಟು ಹೋದ.

ಕಥೆ ಶುರುವಾಗೋದು ಬ್ರಿಸ್ಟಲ್‌ನಲ್ಲಿ. ರಾಜಾ ರಾಮಮೋಹನ ರಾಯರು 1833ರಲ್ಲಿ ತೀರಿಕೊಂಡ ಊರು ಅಂತ ನಾವು ಪಾಠದಲ್ಲಿ ಓದಿದ್ದೀವಲ್ಲ, ಅದೇ ಊರು. ಗುಲಾಮರ ವ್ಯಾಪಾರದಿಂದ ದುಡ್ಡು ಮಾಡಿದ ಬಂದರು ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೆರಿಬಿಯನ್ ದ್ವೀಪಗಳಿಂದ ಕೆಲಸ ಹುಡುಕಿಕೊಂಡು ಬಹಳ ಜನ ಅಲ್ಲಿಗೆ ಬಂದರು. ಅವರ ಜೊತೆ ರೆಗೆ ಸಂಗೀತ ಬಂತು, ಸೌಂಡ್ ಸಿಸ್ಟಂ ಅನ್ನೋ ಪದ್ಧತಿಯೂ ಬಂತು. ಆಳೆತ್ತರದ ಸ್ಪೀಕರ್‌ಗಳು, ರೆಕಾರ್ಡ್ ಹಾಕೋಕೆ ಒಬ್ಬ, ಮೈಕ್ ಹಿಡಿಯೋಕೆ ಇನ್ನೊಬ್ಬ, ರಾತ್ರಿಯಿಡೀ ಪಾರ್ಟಿ.

1980ರ ದಶಕದಲ್ಲಿ ಅಲ್ಲಿ ‘ದಿ ವೈಲ್ಡ್ ಬಂಚ್’ ಅನ್ನೋ ಸೌಂಡ್ ಸಿಸ್ಟಂ ಗುಂಪು ಹೆಸರು ಮಾಡಿತ್ತು. ಅದರಿಂದ ಹೊರಬಂದ ಮೂವರು ಮ್ಯಾಸಿವ್ ಅಟ್ಯಾಕ್ ಕಟ್ಟಿದರು. ಗೋಡೆಗಳ ಮೇಲೆ ಗ್ರಾಫಿಟಿ ಬಿಡಿಸ್ತಿದ್ದ ರಾಬರ್ಟ್ ಡೆಲ್ ನಾಯಾ, ಅಂದ್ರೆ ‘ತ್ರೀಡಿ’. ‘ಡ್ಯಾಡಿ ಜಿ’ ಅಂತ ಕರೆಸಿಕೊಳ್ಳೋ ಗ್ರಾಂಟ್ ಮಾರ್ಷಲ್. ಮೂರನೆಯವನು ಆಂಡ್ರ್ಯೂ ವೌಲ್ಸ್, ಅಡ್ಡಹೆಸರು ‘ಮಶ್ರೂಮ್’. ಈ ಹೆಸರನ್ನ ನೆನಪಿಟ್ಕೊಳ್ಳಿ.

‘ಬ್ಲೂ ಲೈನ್ಸ್’ ಬಂದಿದ್ದು 1991ರ ಏಪ್ರಿಲ್‌ನಲ್ಲಿ. ಒಂಬತ್ತೇ ಹಾಡು. ಹಿಪ್ ಹಾಪ್, ಸೋಲ್, ರೆಗೆ ಮೂರನ್ನೂ ಸೇರಿಸಿ, ವೇಗ ಇಳಿಸಿ, ಬೇಸ್ ಏರಿಸಿದರು. ಹಳೇ ರೆಕಾರ್ಡುಗಳ ತುಣುಕು ಕತ್ತರಿಸಿ ಹೊಸ ಹಾಡು ಹೊಲಿಯೋದು, ಅಂದ್ರೆ ಸ್ಯಾಂಪ್ಲಿಂಗ್, ಇದರ ಜೀವಾಳ. ಅದರಲ್ಲಿ ನಮಗೊಂದು ಎಳೆ ಸಿಗುತ್ತೆ. ‘ಒನ್ ಲವ್’ ಹಾಡಿನಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾದ ತುಣುಕಿದೆ. ಆ ತಂಡ ಕಟ್ಟಿದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್‌ಗೆ ‘ಮಹಾವಿಷ್ಣು’ ಅನ್ನೋ ಹೆಸರು ಕೊಟ್ಟಿದ್ದು ಗುರು ಶ್ರೀ ಚಿನ್ಮಯ್. ಮುಂದೆ ಜಾಕಿರ್ ಹುಸೇನ್ ಜೊತೆ ‘ಶಕ್ತಿ’ ತಂಡ ಕಟ್ಟಿದ್ದೂ ಇದೇ ಮೆಕ್‌ಲಾಫ್ಲಿನ್.

ಅದೇ ಆಲ್ಬಂನ ‘ಅನ್‌ಫಿನಿಶ್ಡ್ ಸಿಂಪತಿ’ ಹಾಡನ್ನ ಶಾರಾ ನೆಲ್ಸನ್ ಹಾಡಿದ್ದಾರೆ. ಅದು ಬಂದಾಗ ಕೊಲ್ಲಿ ಯುದ್ಧ ನಡೀತಿತ್ತು. ‘ಅಟ್ಯಾಕ್’ ಅನ್ನೋ ಪದ ಇದ್ರೆ ರೇಡಿಯೋದಲ್ಲಿ ಹಾಕಲ್ಲ ಅನ್ನೋ ಭಯಕ್ಕೆ, ತಂಡದ ಹೆಸರನ್ನ ಬರೀ ‘ಮ್ಯಾಸಿವ್’ ಅಂತ ಮಾಡಿ ಬಿಟ್ಟರು.

ಎರಡನೇ ಆಲ್ಬಂ ‘ಪ್ರೊಟೆಕ್ಷನ್’ ಬಂದ 1994ರಲ್ಲೇ ‘ಟ್ರಿಪ್ ಹಾಪ್’ ಅನ್ನೋ ಪದವನ್ನ ಮಿಕ್ಸ್‌ಮ್ಯಾಗ್ ಪತ್ರಿಕೆ ಅಚ್ಚು ಹಾಕಿತು. ಅಂದ್ರೆ ‘ಬ್ಲೂ ಲೈನ್ಸ್’ ಬಂದು ಮೂರು ವರ್ಷ ಆದ್ಮೇಲೆ ಮಗುವಿಗೆ ನಾಮಕರಣ! ಬ್ರಿಸ್ಟಲ್‌ನವರಿಗೆ ಈ ಹೆಸರು ಹಿಡಿಸಲೂ ಇಲ್ಲ.

ಈಗ ‘ಮೆಜನೀನ್’ಗೆ ಬರೋಣ. ತ್ರೀಡಿಗೆ ತಾನು ಹುಡುಗನಾಗಿದ್ದಾಗ ಕೇಳಿದ ಪಂಕ್, ಪೋಸ್ಟ್ ಪಂಕ್ ಗಿಟಾರ್ ಬೇಕಿತ್ತು. ಮಶ್ರೂಮ್‌ಗೆ ಹಿಪ್ ಹಾಪ್, ಸೋಲ್ ದಾರಿಯೇ ಸರಿ ಅನ್ನಿಸ್ತಿತ್ತು. ಒಟ್ಟಿಗೆ ಸ್ಟುಡಿಯೋದಲ್ಲಿ ಕೂರೋದೇ ಕಷ್ಟ ಆಯ್ತು. ‘ಟಿಯರ್‌ಡ್ರಾಪ್’ ಹಾಡನ್ನ ಮಡೋನಾ ಹಾಡಲಿ ಅಂತ ಮಶ್ರೂಮ್ ಆಸೆಪಟ್ಟರೆ, ಉಳಿದಿಬ್ಬರು ಕಾಕ್ಟೋ ಟ್ವಿನ್ಸ್ ತಂಡದ ಎಲಿಜಬೆತ್ ಫ್ರೇಜರ್ ಕಡೆ ವಾಲಿದರು. ಗೆದ್ದಿದ್ದು ಫ್ರೇಜರ್. ಆ ಹಾಡಿನ ಕೆಲಸ ನಡೀತಿದ್ದಾಗಲೇ ಫ್ರೇಜರ್ ಕಿವಿಗೆ ಬಿದ್ದಿದ್ದು, ತಮಗೆ ತುಂಬಾ ಆಪ್ತರಾಗಿದ್ದ ಗಾಯಕ ಜೆಫ್ ಬಕ್ಲಿ 1997ರ ಮೇ ತಿಂಗಳಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡ ಸುದ್ದಿ. ಇದು ಗೊತ್ತಾದ ಮೇಲೆ ಆ ಹಾಡು ಮೊದಲಿನ ಹಾಗೆ ಕೇಳಿಸಲ್ಲ.

‘ಮೆಜನೀನ್’ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯ್ತು. ‘ಟಿಯರ್‌ಡ್ರಾಪ್’ ಅಮೆರಿಕದ ‘ಹೌಸ್’ ಧಾರಾವಾಹಿಯ ಶೀರ್ಷಿಕೆ ಸಂಗೀತವಾಗಿ ಮನೆಮನೆ ತಲುಪಿತು. ಆದರೆ ಆಲ್ಬಂ ಬಂದ ಮರುವರ್ಷವೇ, 1999ರಲ್ಲಿ, ಮಶ್ರೂಮ್ ತಂಡ ಬಿಟ್ಟರು. 2003ರ ‘ಹಂಡ್ರೆತ್ ವಿಂಡೋ’ ಹೊತ್ತಿಗೆ ಡ್ಯಾಡಿ ಜಿ ಕೂಡ ದೂರ ಉಳಿದಿದ್ದರು. ಅವರು ಮರಳಿದ್ದು 2010ರ ‘ಹೆಲಿಗೊಲ್ಯಾಂಡ್’ಗೆ. ಮಶ್ರೂಮ್ ಮರಳಲೇ ಇಲ್ಲ.

ಹಾಗಾದ್ರೆ ಯಾವುದು ದೊಡ್ಡದು? ನಾನು ಓದಿದ್ದು ಬಿಕಾಂ, ಲೆಕ್ಕ ಹಾಕದೆ ಬಿಡೋಕಾಗಲ್ಲ. ಶಬ್ದದ ಲೆಕ್ಕದಲ್ಲಿ ‘ಮೆಜನೀನ್’ ಮುಂದಿದೆ, ಅಷ್ಟು ಕತ್ತಲನ್ನ ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ ಆಲ್ಬಂ ಅಪರೂಪ. ಆದರೆ ಖರ್ಚಿನ ಕಾಲಂನಲ್ಲಿ ಒಬ್ಬ ಗೆಳೆಯನ ಹೆಸರಿದೆ. ‘ಬ್ಲೂ ಲೈನ್ಸ್’ನಲ್ಲಿ ಒಂದೇ ಕೋಣೆಯಲ್ಲಿ ಗೆಳೆಯರು ಒಬ್ಬರ ರೆಕಾರ್ಡನ್ನ ಇನ್ನೊಬ್ಬರಿಗೆ ಕೇಳಿಸ್ತಿರೋ ಖುಷಿ ಇದೆ. ನನ್ನ ವೋಟು ಅದಕ್ಕೆ. ನೀವು ಒಪ್ಪಲ್ಲ ಅಂತ ಗೊತ್ತು, ಪರವಾಗಿಲ್ಲ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಜಮೈಕಾದ ಹಿರಿಯ ರೆಗೆ ಗಾಯಕ ಹೊರೇಸ್ ಆಂಡಿ ಈ ತಂಡದ ಐದೂ ಆಲ್ಬಂನಲ್ಲಿ ಹಾಡಿದ್ದಾರೆ. ‘ಒನ್ ಲವ್’, ‘ಸ್ಪೈಯಿಂಗ್ ಗ್ಲಾಸ್’, ‘ಏಂಜಲ್’, ‘ಎವ್ರಿವೆನ್’, ‘ಗರ್ಲ್ ಐ ಲವ್ ಯು’, ಈ ಐದನ್ನ ಇದೇ ಕ್ರಮದಲ್ಲಿ ಕೇಳಿ. ನಡುಗೋ ಆ ದನಿ ಒಂದೇ ಇರುತ್ತೆ, ಅದರ ಸುತ್ತಲಿನ ಮನೆ ಮಾತ್ರ ಬದಲಾಗ್ತಾ ಹೋಗುತ್ತೆ. ಯಾವ ಮನೆಯಲ್ಲಿ ಆ ದನಿ ಹಾಯಾಗಿದೆ ಅನ್ನಿಸುತ್ತೋ, ನಿಮ್ಮ ಆಲ್ಬಂ ಅದೇ. ಮುಂದಿನ ವಾರ ಸಿಗೋಣ.