ಸುಣ್ಣ

ಹೊಸೂರು, ಡೆಂಕಣಿಕೋಟೆ ಕಡೆ ಕೊಳವೆಬಾವಿಯ ಗಡಸು ನೀರು ಕಾಯಿಸುವ ಮನೆಗಳಲ್ಲಿ ‘ಕಾಯಿಲ್‌ಗೆ ಸುಣ್ಣ ಕಟ್ಟಿದೆ’ ಎಂದರೆ ಬಿಡಿಸಿ ಹೇಳಬೇಕಿಲ್ಲ. ಕನ್ನಡದಲ್ಲಿ ಸುಣ್ಣ, ತೆಲುಗಿನಲ್ಲಿ ಸುನ್ನಂ, ತಮಿಳಿನಲ್ಲಿ ಸುಣ್ಣಾಂಬು: ಮೂರು ನುಡಿ ಬೆರೆತ ಈ ಗಡಿಯಲ್ಲಿ ಯಾರಾಡಿದರೂ ಎಲ್ಲರಿಗೂ ತಿಳಿಯುವ ಪದ. ಸಂಸ್ಕೃತದ ‘ಚೂರ್ಣ’ ಪ್ರಾಕೃತದಲ್ಲಿ ‘ಚುಣ್ಣ’ವಾಗಿ, ನಮ್ಮಲ್ಲಿ ‘ಸುಣ್ಣ’ವಾಯಿತು. ಹಿಂದಿಯ ‘ಚೂನಾ’ ಇದರ ದಾಯಾದಿ. ಮೂಲದ ಅರ್ಥ ಬರೀ ಪುಡಿ. ‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ’ ಎಂಬ ಗಾದೆಯಲ್ಲಿರುವುದು ಮಾತ್ರ ಉರಿಸುವ ಸುಣ್ಣ.

ಕಾಯಿಲ್ ಮೇಲಿನದು ಅದಲ್ಲ, ಕ್ಯಾಲ್ಸಿಯಂ ಕಾರ್ಬೊನೇಟ್. ಗಟ್ಟಿ ಹವಳದ ಅಸ್ಥಿಪಂಜರವೂ ಅದೇ. ಹಾಗಾಗಿ ಉಪ್ಪುನೀರಿನ ಹವಳದ ತೊಟ್ಟಿಗೂ ಈ ಪದ ಸಲೀಸಾಗಿ ಒಗ್ಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹವಳ ಬೆಳೆಯಲೆಂದು ಸುಣ್ಣದ ತಿಳಿನೀರನ್ನೂ ಹನಿಹನಿಯಾಗಿ ಸೇರಿಸುವುದುಂಟು. ಅದರಲ್ಲೊಂದಿಷ್ಟು ಬಿಸಿಯಾಗುವ ಹೀಟರ್, ಪಂಪುಗಳ ಮೇಲೆ ಕೂರುತ್ತದೆ. ಪಂಪ್ ಬಿಚ್ಚಿ ನೋಡಿ: ತಿರುಗುವ ಅಯಸ್ಕಾಂತದ ಸುತ್ತ ಬಿಳಿಚಿದ, ಉಗುರಿಗೆ ಏಳದ ಪದರ. ಇದನ್ನು ‘ಖನಿಜ ನಿಕ್ಷೇಪ’ ಎಂದು ಬರೆಯುವವರಿದ್ದಾರೆ. ಗಣಿಗೆ ಹೊಂದುವ ಮಾತದು. ‘ಸುಣ್ಣ ಕಟ್ಟು’ ಇರುವಾಗ ಇಲ್ಲಿ ಬೇಡ.

ಬಿಡಿಸುವುದು ಸುಲಭ. ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಭಾಗಗಳನ್ನು ನೆನೆಹಾಕಿದರೆ ಗುಳ್ಳೆಯೆದ್ದು ಸುಣ್ಣ ಕರಗುತ್ತದೆ. ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆದು ಜೋಡಿಸಿ. ಹೀಟರನ್ನು ಮಾತ್ರ ಪ್ಲಗ್ ತೆಗೆದು, ಪೂರ್ತಿ ತಣ್ಣಗಾದ ಮೇಲೆಯೇ ನೀರಿನಿಂದ ಎತ್ತಿ.